ಚಿನ್ನದ ಲೆಕ್ಕ ಬೇರೆ, ಪಿಸ್ತೂಲಿನ ಲೆಕ್ಕ ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ನ್ಯೂಜೆರ್ಸಿಯ ಎಡಿಸನ್, ಷಿಕಾಗೊದ ಡೆವಾನ್ ಅವೆನ್ಯೂ ಕಡೆಯ ಚಿನ್ನದಂಗಡಿಗಳು ಚೆನ್ನಾಗಿ ಗೊತ್ತು. ಅಲ್ಲಿನ ಯಾವುದೋ ಆಭರಣದ ಅಂಗಡಿಗೆ ಪಿಸ್ತೂಲು ಹಿಡಿದು ನುಗ್ಗಿದರು ಎಂಬ ಸುದ್ದಿ ಬಂದರೆ ಎಲ್ಲರೂ ಮೊದಲು ಕೇಳುವುದು, ಎಷ್ಟು ಚಿನ್ನ ಹೋಯಿತು ಅಂತ. ಫೆಡರಲ್ ಕೋರ್ಟಿನಲ್ಲಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಕೋರ್ಟಿನಲ್ಲಿ, ಅದು ಎರಡನೇ ಪ್ರಶ್ನೆ. ಮೊದಲನೆಯದು, ಪಿಸ್ತೂಲನ್ನು ಏನು ಮಾಡಿದರು? ಈ ಹೊತ್ತಿನ ಮಾತೆಲ್ಲ ಇದೊಂದರ ಸುತ್ತಲೇ.

ದರೋಡೆ ಸಾಮಾನ್ಯವಾಗಿ ಆಯಾ ರಾಜ್ಯದ ಪೊಲೀಸರ, ರಾಜ್ಯದ ಕೋರ್ಟಿನ ವಿಷಯ. ಫೆಡರಲ್ ಸರ್ಕಾರಕ್ಕೆ ಬಾಗಿಲು ತೆರೆಯುವುದು 1946ರ ಹಾಬ್ಸ್ ಕಾಯ್ದೆ. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ದರೋಡೆಯಿಂದ ಕೊಂಚ ಪೆಟ್ಟು ಬಿದ್ದರೂ ಸಾಕು. ಟೆಕ್ಸಾಸ್‌ನ ಅಂಗಡಿಗೆ ನ್ಯೂಯಾರ್ಕಿನಿಂದ ವಜ್ರ ತರಿಸಿದ್ದರೆ, ಆ ಒಂದು ಬಿಲ್ಲು ಸಾಕು. ಈ ಕಾಯ್ದೆಯಲ್ಲಿ ಶಿಕ್ಷೆ ಗರಿಷ್ಠ 20 ವರ್ಷ. ಪತ್ರಿಕೆಗಳು ಈ 20ನ್ನೇ ದಪ್ಪಕ್ಷರದಲ್ಲಿ ಹಾಕುತ್ತವೆ. ಅಯ್ಯಾ, ಅದು ಮೇಲಿನ ಮಿತಿ. ಕೆಳಗಿನ ಮಿತಿ ಎಲ್ಲಿದೆ ಎಂದು ಯಾರೂ ಬರೆಯುವುದಿಲ್ಲ!

ಅದು ಇರುವುದು ಫೆಡರಲ್ ಕಾನೂನಿನ ಸೆಕ್ಷನ್ 924 ಸಿ ಎಂಬಲ್ಲಿ. ದರೋಡೆಗೆ ಪಿಸ್ತೂಲು ಒಯ್ದರೆ ಕನಿಷ್ಠ 5 ವರ್ಷ. ತೋರಿಸಿ ಹೆದರಿಸಿದರೆ 7. ಗುಂಡು ಹಾರಿದರೆ 10. ದರೋಡೆಯ ಶಿಕ್ಷೆಯೇ ಬೇರೆ, ಇದು ಅದರ ಮೇಲೆ. 'ಎಲ್ಲ ಶಿಕ್ಷೆಗಳೂ ಏಕಕಾಲದಲ್ಲಿ ಜಾರಿ' ಎಂಬ ಸಾಲನ್ನು ನಮ್ಮ ಕೋರ್ಟುಗಳ ವರದಿಯಲ್ಲಿ ಓದಿ ರೂಢಿಯಾದವರು ಗಮನಿಸಬೇಕು: ಇಲ್ಲಿ ಅದು ನಡೆಯುವುದಿಲ್ಲ. ಒಂದರ ಹಿಂದೆ ಒಂದು ಅನುಭವಿಸಬೇಕು. ನ್ಯಾಯಾಧೀಶರಿಗೆ ಕರುಣೆ ಬಂದರೂ ಕೈ ಕಟ್ಟಿದೆ.

ಗುಂಡು 'ಹಾರಿದರೆ' ಅಂದೆ, 'ಹಾರಿಸಿದರೆ' ಅನ್ನಲಿಲ್ಲ. ಅದಕ್ಕೊಂದು ಪ್ರಕರಣ ಇದೆ, ಹೇಳಲೇಬೇಕು. 2004ರ ನವೆಂಬರ್, ಜಾರ್ಜಿಯಾ ರಾಜ್ಯದ ರೋಮ್ ಎಂಬ ಊರು. ಅಂಗಡಿಯಲ್ಲ, ಬ್ಯಾಂಕು, ಸೆಕ್ಷನ್ ಮಾತ್ರ ಇದೇ. ಮುಸುಕು ಹಾಕಿದ ಒಬ್ಬ ಒಳಗೆ ಬಂದ, ಪಿಸ್ತೂಲು ಬೀಸಿದ, ಎಲ್ಲರೂ ನೆಲಕ್ಕೆ ಮಲಗಿ ಎಂದು ಕೂಗಿದ. ಕೌಂಟರಿನ ಹಿಂದಕ್ಕೆ ಹೋದ. ಬಲಗೈಯಲ್ಲಿ ಪಿಸ್ತೂಲು, ಎಡಗೈಯಲ್ಲಿ ನೋಟು ಬಾಚುವ ಕೆಲಸ. ಕ್ಯಾಷಿಯರ್ ಒಬ್ಬರ ಮೇಲಿಂದ ಬಾಗಿ ಡ್ರಾಯರಿಗೆ ಕೈ ಹಾಕುವಾಗ ಢಂ ಎಂದಿತು. ಗುಂಡು ಎರಡು ಕೌಂಟರುಗಳ ನಡುವಿನ ಅಡ್ಡಹಲಗೆಯಲ್ಲಿ ತೂತು ಕೊರೆಯಿತು. ಯಾರಿಗೂ ಗಾಯವಿಲ್ಲ. ಆಸಾಮಿ ಬೈದುಕೊಂಡು ಓಟ ಕಿತ್ತ. ಸಾಕ್ಷಿಗಳೇ ಹೇಳಿದರು, ಗುಂಡು ಹಾರಿದ್ದಕ್ಕೆ ಅವನಿಗೇ ಆಶ್ಚರ್ಯವಾದಂತಿತ್ತು ಅಂತ. ಆದರೂ ಪಿಸ್ತೂಲಿಗೆ 10 ವರ್ಷ. ಕೈ ತಪ್ಪಿ ಆದದ್ದು ಎಂದು ಸುಪ್ರೀಂ ಕೋರ್ಟಿನವರೆಗೂ ಹೋದ. 2009ರ ಏಪ್ರಿಲ್‌ನಲ್ಲಿ ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ: 10 ವರ್ಷ ಸರಿ. ಕಾಯ್ದೆ ಉದ್ದೇಶ ಕೇಳುವುದಿಲ್ಲ, ಗುಂಡು ಹಾರಿತೇ ಎಂದಷ್ಟೇ ಕೇಳುತ್ತದೆ. ಇದೇ ಡೀನ್ ಪ್ರಕರಣ.

ಆಯಿತು, ಈಗ ಲೆಕ್ಕ ಹಾಕೋಣ. ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ. ಫೆಡರಲ್ ಶಿಕ್ಷೆಯ ಕೈಪಿಡಿಯಲ್ಲಿ ಅಪರಾಧಕ್ಕೆ ಹಂತಗಳಿವೆ, ಹಂತ ಏರಿದಷ್ಟೂ ಜೈಲಿನ ತಿಂಗಳು ಹೆಚ್ಚು; ದರೋಡೆ 20ನೇ ಹಂತದಿಂದ ಶುರು. 6 ಲಕ್ಷ ಡಾಲರ್‌ನ ಚಿನ್ನ ಹೋಗಿದ್ದರೆ 3 ಹಂತ ಸೇರಿಸಿ. ಬೇಗ ತಪ್ಪೊಪ್ಪಿಕೊಂಡರೆ 3 ಕಳೆಯಿರಿ. ಹಿಂದಿನ ಕೇಸು ಇಲ್ಲದವನಿಗೆ ಇದು 33ರಿಂದ 41 ತಿಂಗಳು. ಚಿನ್ನ 6 ಲಕ್ಷದ್ದಲ್ಲ, 2 ಲಕ್ಷದ್ದು ಅನ್ನಿ: 30ರಿಂದ 37 ತಿಂಗಳು. ನಾಲ್ಕು ಲಕ್ಷ ಡಾಲರ್ ವ್ಯತ್ಯಾಸಕ್ಕೆ ಮೂರು ನಾಲ್ಕು ತಿಂಗಳು! ಈಗ ತೋರಿಸಿದ ಪಿಸ್ತೂಲನ್ನು ಸೇರಿಸಿ. ಇನ್ನೂ 84 ತಿಂಗಳು. ಅಸಲಿಗಿಂತ ಬಡ್ಡಿಯೇ ಎರಡು ಪಾಲು. ಅದೇ 6 ಲಕ್ಷದ ಚಿನ್ನವನ್ನು ಪಿಸ್ತೂಲಿಲ್ಲದೆ ಸುತ್ತಿಗೆ ತೋರಿಸಿ ದೋಚಿದ್ದರೆ? ಸುತ್ತಿಗೆಗೆ 3 ಹಂತ, ಒಟ್ಟು 46ರಿಂದ 57 ತಿಂಗಳು. ಅಷ್ಟೇ. ಇನ್ನೊಂದು ಮಾತು: 2005ರಿಂದ ಕೈಪಿಡಿ ಬರೀ ಸಲಹೆ, ನ್ಯಾಯಾಧೀಶರು ಕಡಿಮೆ ಮಾಡಬಹುದು. 924 ಸಿ ಸಲಹೆಯಲ್ಲ.

ಪಿಸ್ತೂಲು ತೋರಿಸಿ ಎರಡು ಅಂಗಡಿ ದೋಚಿದರೆ ಎರಡು ಸಲ, ಏಳು ವರ್ಷ ಮತ್ತು ಏಳು ವರ್ಷ. 2018ರ ಡಿಸೆಂಬರಿಗೆ ಮೊದಲು ಇದು ಏಳು ಮತ್ತು ಇಪ್ಪತ್ತೈದು, ಒಂದೇ ಕೇಸಿನಲ್ಲಿ ಸೇರಿಸಿದ್ದರೂ ಸಹ! ಫಸ್ಟ್ ಸ್ಟೆಪ್ ಕಾಯ್ದೆ ಬಂದ ಮೇಲೆ ಆ 25, ಮೊದಲೊಮ್ಮೆ ಇದೇ ಸೆಕ್ಷನ್ನಿನಲ್ಲಿ ಅಂತಿಮವಾಗಿ ಶಿಕ್ಷೆಯಾಗಿ ಮತ್ತೆ ಅದೇ ಕೆಲಸಕ್ಕೆ ಇಳಿದವನಿಗೆ ಮಾತ್ರ. ಹಾಗಾಗಿಯೇ ವಕೀಲರ ಹಗ್ಗಜಗ್ಗಾಟವೆಲ್ಲ ಈ ಸೆಕ್ಷನ್ ಮೇಲೆ. ಒಂದು ಆರೋಪ ಬಿಡುತ್ತೇವೆ, ತಪ್ಪೊಪ್ಪಿಕೊಳ್ಳಿ ಎಂದು ಪ್ರಾಸಿಕ್ಯೂಟರ್ ಹೇಳಿದರೆ ಅದರ ಬೆಲೆ ಏಳು ವರ್ಷ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊರಗೆ ಕಾರಿನಲ್ಲಿ ಕೂತ ಡ್ರೈವರು, 'ನಾನು ಪಿಸ್ತೂಲು ಮುಟ್ಟಲೇ ಇಲ್ಲ' ಅಂದರೆ ಆಗುವುದಿಲ್ಲ. ಒಳಗೆ ಹೋಗುವವನ ಹತ್ತಿರ ಪಿಸ್ತೂಲಿದೆ ಎಂದು ಮೊದಲೇ ಗೊತ್ತಿದ್ದೂ ಜೊತೆಗೂಡಿದ್ದರೆ ಅವನಿಗೂ ಇದೇ ಸೆಕ್ಷನ್. ಪೆರೋಲ್, ಅಂದರೆ ಅವಧಿ ಮುಗಿಯುವ ಮೊದಲೇ ಷರತ್ತಿನ ಬಿಡುಗಡೆ, ಯಾವಾಗ ಎಂದು ಕೇಳಬೇಡಿ, 1987ರ ನವೆಂಬರ್‌ನಿಂದ ಈಚಿನ ಫೆಡರಲ್ ಅಪರಾಧಗಳಿಗೆ ಪೆರೋಲೇ ಇಲ್ಲ. ಒಳ್ಳೆ ನಡತೆಗೆ ವರ್ಷಕ್ಕೆ ಹೆಚ್ಚೆಂದರೆ 54 ದಿನ ವಿನಾಯಿತಿ.

ಅಂಗಡಿಯವರಿಗೆ ಒಂದು ಮಾತು. ಆಟಿಕೆ ಪಿಸ್ತೂಲಾದರೆ 924 ಸಿ ನಿಲ್ಲುವುದಿಲ್ಲ; ಅಸಲಿಯಾದರೆ ಗುಂಡಿಲ್ಲದಿದ್ದರೂ ನಿಲ್ಲುತ್ತದೆ. ಎಷ್ಟೋ ಸಲ ಪಿಸ್ತೂಲು ಸಿಗುವುದೇ ಇಲ್ಲ. ಆಗ ಅದು ಅಸಲಿ ಎಂದು ಹೇಳಬೇಕಾದವರು ನೀವೇ. ಹೇಳಿಕೆ ಕೊಡುವಾಗ ಬಳೆಯ ತೂಕ ಆಮೇಲೆ. ಪಿಸ್ತೂಲಿನ ಬಣ್ಣ, ಅದು ಲೋಹವೋ ಪ್ಲಾಸ್ಟಿಕ್ಕೋ, ಕುದುರೆ ಎಳೆದ ಸದ್ದು ಕೇಳಿತೋ, ಯಾರ ಕಡೆ ತಿರುಗಿಸಿದ, ಇವನ್ನು ಮೊದಲು ಹೇಳಿ. ಸೊಂಟದಲ್ಲಿದ್ದದ್ದನ್ನು ಅಂಗಿ ಎತ್ತಿ ತೋರಿಸಿ ಹೆದರಿಸಿದ್ದರೆ ಅದೂ 'ತೋರಿಸಿದ್ದೇ', ಅದನ್ನೂ ಹೇಳಿ. ಕ್ಯಾಮೆರಾದ ದಾಖಲೆ ಅಳಿಸಿಹೋಗುವ ಮೊದಲೇ ಪ್ರತಿ ತೆಗೆದಿಡಿ. ಖರೀದಿ ಬಿಲ್ಲುಗಳು ಅಂಗಡಿಯ ಹೊರಗೂ ಒಂದು ಕಡೆ ಇರಲಿ. ಹೊರರಾಜ್ಯದ ಮಾಲು ಎಂದು ತೋರಿಸುವುದಕ್ಕೂ ಅವೇ ಬೇಕು, ನಷ್ಟಪರಿಹಾರಕ್ಕೂ ಅವೇ ಬೇಕು. ಪರಿಹಾರದ ಆದೇಶ ಕಡ್ಡಾಯ. ಕೋರ್ಟಿಗೆ ಅಲೆದ ದಿನಗಳ ಸಂಪಾದನೆಯನ್ನೂ ಅದರಲ್ಲಿ ಕೇಳಬಹುದು. ವಿಮೆ ಕಂಪನಿ ಕೊಟ್ಟಷ್ಟು ಮೊತ್ತ ಮಾತ್ರ ಕಂಪನಿಗೇ ಹೋಗುತ್ತದೆ, ಅದೂ ನಿಮ್ಮ ಪಾಲು ತೀರಿದ ಮೇಲೆ.

ನಮಸ್ಕಾರ.