ಸಿಗರೇಟು ಬಿಡಿಸುವ ಔಷಧಿ: ಹೆದರಬೇಕಾದ್ದು ಎಷ್ಟು?

ಕೇಳುಗರಿಗೆ ನಮಸ್ಕಾರ.

ಸಿಗರೇಟು ಬಿಡಬೇಕು ಅಂತ ಬಂದವರ ಮುಂದೆ ಔಷಧಿಯ ಮಾತು ತೆಗೆದರೆ ಸಾಕು, ಕೂಡಲೇ ಒಂದು ಪ್ರಶ್ನೆ ಬರುತ್ತದೆ. "ಸೈಡ್ ಎಫೆಕ್ಟ್ ಏನೂ ಇಲ್ಲ ತಾನೆ, ಡಾಕ್ಟ್ರೇ?" ದಿನಕ್ಕೊಂದು ಪ್ಯಾಕಿನಂತೆ ವರ್ಷಗಟ್ಟಲೆ ಸೇದಿದವರೂ ಇದನ್ನೇ ಕೇಳುತ್ತಾರೆ. ಜೊತೆಗೆ ಬಂದ ಹೆಂಡತಿ ಪಕ್ಕದಲ್ಲೇ ಕೂತು ಹಣೆ ಚಚ್ಚಿಕೊಳ್ಳುತ್ತಾರೆ. ಆದರೆ ಪ್ರಶ್ನೆ ನ್ಯಾಯವಾದದ್ದೇ. ದಿನಾ ಜೊತೆಗಿರುವ ಅಪಾಯ ಅಭ್ಯಾಸವಾಗಿಬಿಟ್ಟಿರುತ್ತದೆ, ಹೊಸದು ಹೆದರಿಸುತ್ತದೆ. ಹಾಗಾಗಿ ಇವತ್ತು ಈ ಔಷಧಿಗಳ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮೊದಲು, ಯಾವುದನ್ನು ಯಾವುದರ ಜೊತೆ ತೂಗುತ್ತಿದ್ದೇವೆ ಅಂತ ನೋಡೋಣ. ಮಾತ್ರೆ ತಗೊಂಡವರನ್ನು, ಏನೂ ತಗೊಳ್ಳದೆ ಹಾಯಾಗಿರುವ ಆರೋಗ್ಯವಂತರ ಪಕ್ಕ ನಿಲ್ಲಿಸಿದರೆ ಮಾತ್ರೆ ಸೋತೇ ಸೋಲುತ್ತದೆ. ಸೇದುವವರ ಮುಂದೆ ಇರುವ ಆಯ್ಕೆ ಬೇರೆ. ಒಂದು ಕಡೆ ಕೆಲವು ವಾರಗಳ ಔಷಧಿ, ಇನ್ನೊಂದು ಕಡೆ ಮುಂದೆ ಸೇದಲಿರುವ ಸಾವಿರಾರು ಸಿಗರೇಟು. ಬ್ರಿಟನ್ನಿನಲ್ಲಿ 1951ರಿಂದ 50 ವರ್ಷ ವೈದ್ಯರ ಮೇಲೆಯೇ ಒಂದು ಅಧ್ಯಯನ ನಡೆಯಿತು. ಸೇದುತ್ತಲೇ ಹೋದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡರು. 50ನೇ ವಯಸ್ಸಿನಲ್ಲಿ ಬಿಟ್ಟವರಿಗೆ ಅದರಲ್ಲಿ ಸುಮಾರು 6 ವರ್ಷ ವಾಪಸ್ ಸಿಕ್ಕಿತು. 60ರಲ್ಲಿ ಬಿಟ್ಟವರಿಗೂ 3 ವರ್ಷ ಸಿಕ್ಕಿತು. ಇನ್ನು ಮುಂದೆ ನಾನು ಹೇಳುವ ಒಂದೊಂದು ಸೈಡ್ ಎಫೆಕ್ಟನ್ನೂ ಈ ಲೆಕ್ಕದ ಪಕ್ಕದಲ್ಲಿಟ್ಟು ಕೇಳಿ.

ಎಲ್ಲಕ್ಕಿಂತ ಹಳೆಯದು ನಿಕೋಟಿನ್ನನ್ನೇ ಬೇರೆ ದಾರಿಯಲ್ಲಿ ಕೊಡುವ ಚಿಕಿತ್ಸೆ. ಗಮ್, ಪ್ಯಾಚ್, ಚೀಪುವ ಗುಳಿಗೆ. "ಚಟ ಬಿಡಿಸೋಕೆ ಅದೇ ಚಟದ ಪದಾರ್ಥ ಕೊಡ್ತೀರಲ್ಲ?" ಅಂತ ಅನುಮಾನ ಬರುವುದು ಸಹಜ. ಚಟ ಹಿಡಿಸುವುದು ನಿಕೋಟಿನ್, ಅದು ನಿಜ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ಮಿದುಳು ಮುಟ್ಟುತ್ತದೆ. ಆದರೆ ಕ್ಯಾನ್ಸರಿಗೆ, ಶ್ವಾಸಕೋಶ ಹಾಳಾಗುವುದಕ್ಕೆ ಮುಖ್ಯ ಕಾರಣ ಹೊಗೆಯಲ್ಲಿರುವ ಟಾರು ಮತ್ತು ಉಳಿದ ರಾಸಾಯನಿಕಗಳು. ಹೊಗೆಯಲ್ಲಿ ಅಂಥ ರಾಸಾಯನಿಕಗಳು ಸಾವಿರಾರಿವೆ. ಗಮ್ಮಿನಲ್ಲಿ ಹೊಗೆ ಇಲ್ಲ. ನಿಕೋಟಿನ್ ಕೂಡ ನಿಧಾನವಾಗಿ, ಕಡಿಮೆ ಪ್ರಮಾಣದಲ್ಲಿ ಸಿಗುತ್ತದೆ. ಕೆಲವರು ಗಮ್ಮನ್ನೇ ತಿಂಗಳುಗಟ್ಟಲೆ ಬಿಡುವುದಿಲ್ಲ, ಅದನ್ನೂ ನೋಡಿದ್ದೇನೆ. ನನಗೆ ಅದರ ಬಗ್ಗೆ ದೊಡ್ಡ ತಕರಾರಿಲ್ಲ. ಸಿಗರೇಟಿಗಿಂತ ಎಷ್ಟೋ ವಾಸಿ.

"ಗಮ್ ನನಗೆ ಆಗಿಬರಲ್ಲ, ಬಿಕ್ಕಳಿಕೆ ಬರುತ್ತೆ, ಎದೆ ಉರಿಯುತ್ತೆ" ಅನ್ನುವವರು ತುಂಬಾ ಜನ. ಹೇಗೆ ತಿಂದಿರಿ ಅಂತ ಕೇಳಿದರೆ, ಮಕ್ಕಳು ಚೂಯಿಂಗ್ ಗಮ್ ಅಗಿದ ಹಾಗೆ ಒಂದೇ ಸಮನೆ ಅಗಿದಿರುತ್ತಾರೆ. ಅದನ್ನು ಹಾಗೆ ತಿನ್ನಬಾರದು. ಬಾಯಿಗೆ ಹಾಕಿ ನಿಧಾನವಾಗಿ ಅಗಿಯಿರಿ. ನಾಲಿಗೆ ಚುರ್ ಅಂದ ಕೂಡಲೇ ಅಗಿಯುವುದು ನಿಲ್ಲಿಸಿ. ಗಮ್ಮನ್ನು ಕೆನ್ನೆಗೂ ಒಸಡಿಗೂ ನಡುವೆ ಒತ್ತಿ ಇಟ್ಟುಕೊಳ್ಳಿ. ಚುರುಕು ಕಮ್ಮಿಯಾದಾಗ ಮತ್ತೆ ಸ್ವಲ್ಪ ಅಗಿದು, ಆ ಕಡೆಯ ಕೆನ್ನೆಗೆ ಬದಲಿಸಿ. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರಬೇಕು. ಎಂಜಲಿನ ಜೊತೆ ಹೊಟ್ಟೆಗಿಳಿದರೆ ಲಾಭ ಕಮ್ಮಿ, ಉರಿ ಜಾಸ್ತಿ. ಕಾಫಿ ಅಥವಾ ಹಣ್ಣಿನ ರಸ ಕುಡಿದ ತಕ್ಷಣ ಹಾಕಿಕೊಂಡರೂ ದಂಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗೆ ಹೋಗುವುದಿಲ್ಲ. ಒಂದು ಕಾಲು ಗಂಟೆ ಬಿಟ್ಟು ಹಾಕಿಕೊಳ್ಳಿ.

ಪ್ಯಾಚ್ ಇಷ್ಟು ಕೆಲಸ ಕೊಡುವುದಿಲ್ಲ. ಬೆಳಗ್ಗೆ ಅಂಟಿಸಿಕೊಂಡರೆ ಆಯಿತು. ಚರ್ಮ ಕೆಂಪಾಗಿ ತುರಿಸಬಹುದು, ಅದಕ್ಕೇ ದಿನಾ ಜಾಗ ಬದಲಿಸುವುದು. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವ ಮುಂಚೆ ತೆಗೆದುಬಿಡಬಹುದು. ಎರಡು ಎಚ್ಚರಿಕೆ ಮಾತ್ರ ಮರೆಯಬೇಡಿ. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ಪ್ಯಾಚ್ ತೆಗೆಯಬೇಕು. ಕೆಲವದರ ಹಿಂಬದಿಯಲ್ಲಿ ಲೋಹ ಇರುತ್ತದೆ, ಬಿಸಿಯಾಗಿ ಚರ್ಮ ಸುಡಬಹುದು. ಇನ್ನೊಂದು, ಬಳಸಿದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ. ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಎಸೆಯಿರಿ.

ಈಗ ಜನ ನಿಜವಾಗಿ ಹೆದರುವ ಮಾತ್ರೆಗೆ ಬರೋಣ. ವರೆನಿಕ್ಲಿನ್. ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಅರ್ಧಂಬರ್ಧ ಕೆಲಸ ಮಾಡುತ್ತದೆ. ಅದರಿಂದ ಚಡಪಡಿಕೆ ತಗ್ಗುತ್ತದೆ. ನಡುವೆ ಸಿಗರೇಟು ಹಚ್ಚಿದರೂ ಹಿಂದಿನ ಮಜಾ ಸಿಗುವುದಿಲ್ಲ. ಅಮೆರಿಕದಲ್ಲಿ 2006ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಆಮೇಲೆ ದೂರುಗಳು ಬರತೊಡಗಿದವು. ಖಿನ್ನತೆ, ವಿಪರೀತ ಸಿಟ್ಟು, ಆತ್ಮಹತ್ಯೆಯ ಯೋಚನೆ. 2009ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. "ಆ ಮಾತ್ರೆ ತಗೊಂಡರೆ ತಲೆ ಕೆಡುತ್ತಂತೆ" ಅನ್ನುವ ಮಾತು ಶುರುವಾದದ್ದೇ ಹೀಗೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಪರೀಕ್ಷೆ ನಡೆದು 2016ರಲ್ಲಿ ಫಲಿತಾಂಶ ಹೊರಬಂತು. ಅವರಲ್ಲಿ ಅರ್ಧದಷ್ಟು ಜನಕ್ಕೆ ಮಾನಸಿಕ ಕಾಯಿಲೆ ಇತ್ತು ಅಥವಾ ಹಿಂದೆ ಆಗಿತ್ತು. ಕೆಲವರಿಗೆ ವರೆನಿಕ್ಲಿನ್, ಕೆಲವರಿಗೆ ಸಿಗರೇಟು ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಬ್ಯುಪ್ರೊಪಿಯಾನ್, ಕೆಲವರಿಗೆ ಪ್ಯಾಚ್, ಕೆಲವರಿಗೆ ಔಷಧಿಯೇ ಇಲ್ಲದ ಹುಸಿಮಾತ್ರೆ. ಮನಸ್ಸಿನ ತೊಂದರೆಗಳು ಈ ಔಷಧಿಗಳಿಂದ ಗಣನೀಯವಾಗಿ ಹೆಚ್ಚಾಗಿರಲಿಲ್ಲ. ಮಾನಸಿಕ ಕಾಯಿಲೆ ಇದ್ದವರಲ್ಲಿ ತೊಂದರೆ ಹೆಚ್ಚು ಕಂಡದ್ದು ನಿಜ. ಆದರೆ ಹುಸಿಮಾತ್ರೆ ನುಂಗಿದವರಲ್ಲೂ ಕಂಡಿತ್ತು! ಅದೇ ವರ್ಷ ಡಿಸೆಂಬರಿನಲ್ಲಿ ಆ ಎಚ್ಚರಿಕೆಯನ್ನು ತೆಗೆದುಹಾಕಿದರು. ಹುಟ್ಟಿಕೊಂಡ ಭಯ ಮಾತ್ರ ಇನ್ನೂ ಓಡಾಡುತ್ತಿದೆ.

ಹುಸಿಮಾತ್ರೆ ನುಂಗಿದವರಿಗೂ ಯಾಕೆ ಹಾಗಾಯಿತು? ಸಿಗರೇಟು ಬಿಡುವುದೇ ಮನಸ್ಸನ್ನು ಕಲಕುವ ಕೆಲಸ. ಸಿಡುಕು, ನಿದ್ದೆ ಕೆಡುವುದು, ಬೇಜಾರು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಮೊದಲ ವಾರ ಇವು ಜೋರಾಗಿರುತ್ತವೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಔಷಧಿ ಇಲ್ಲದೆ ಬಿಟ್ಟವರಿಗೂ ಇದು ತಪ್ಪುವುದಿಲ್ಲ. ಔಷಧಿ ತಗೊಂಡವರು ಮಾತ್ರ ಎಲ್ಲವನ್ನೂ ಮಾತ್ರೆಯ ತಲೆಗೇ ಕಟ್ಟುತ್ತಾರೆ. ಹಾಗಂತ ಸುಮ್ನೆ ಸಹಿಸಿಕೊಂಡು ಕೂರಬೇಡಿ. ಮನಸ್ಸು ತೀರಾ ಕುಸಿದರೆ, ಸಾಯುವ ಯೋಚನೆ ಬಂದರೆ, ಮಾತ್ರೆ ನಿಲ್ಲಿಸಿ ಆ ದಿನವೇ ಡಾಕ್ಟರಿಗೆ ಹೇಳಿ. ಕಾರಣ ಯಾವುದು ಅಂತ ಆಮೇಲೆ ಹುಡುಕಬಹುದು.

ವರೆನಿಕ್ಲಿನ್‌ನ ದಿನನಿತ್ಯದ ತೊಂದರೆ ಅಂದರೆ ವಾಕರಿಕೆ. ಹತ್ತು ಜನರಲ್ಲಿ ಸುಮಾರು ಮೂವರಿಗೆ ಬರುತ್ತದೆ. ಊಟವಾದ ಮೇಲೆ ಒಂದು ತುಂಬು ಲೋಟ ನೀರಿನ ಜೊತೆ ನುಂಗಿದರೆ ಬಹಳಷ್ಟು ತಗ್ಗುತ್ತದೆ. ಸಾಮಾನ್ಯವಾಗಿ ಸಿಗರೇಟು ಬಿಡುವ ದಿನಕ್ಕೆ ಒಂದು ವಾರ ಮೊದಲೇ ಸಣ್ಣ ಡೋಸಿನಲ್ಲಿ ಶುರು ಮಾಡಿ, ಒಟ್ಟು 12 ವಾರ ಕೊಡುತ್ತೇವೆ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಡೋಸ್ ಇಳಿಸಬೇಕು. ಈ ಔಷಧಿ ದೇಹದಿಂದ ಹೊರಹೋಗುವುದೇ ಮೂತ್ರದ ದಾರಿಯಲ್ಲಿ.

ಬ್ಯುಪ್ರೊಪಿಯಾನ್ ವಿಷಯದಲ್ಲಿ ನಾನು ಜಾಸ್ತಿ ಬಿಗಿ. ಇದು ಮೂಲತಃ ಖಿನ್ನತೆಯ ಮಾತ್ರೆ. ಬಾಯಿ ಒಣಗುತ್ತದೆ, ನಿದ್ದೆ ಕೆಡುತ್ತದೆ, ಅದೆಲ್ಲ ಸಣ್ಣದು. ಆದರೆ ಸಾವಿರದಲ್ಲಿ ಸುಮಾರು ಒಬ್ಬರಿಗೆ ಫಿಟ್ಸ್ ಬರುತ್ತದೆ. ಫಿಟ್ಸ್ ಇರುವವರಿಗೆ, ಹಿಂದೆ ಬಂದವರಿಗೆ ಇದನ್ನು ಕೊಡುವಂತಿಲ್ಲ. ಊಟ ಬಿಡುವ, ತಿಂದು ಕಕ್ಕುವ ಕಾಯಿಲೆ ಇರುವವರಿಗೂ ಬೇಡ. ವಿಪರೀತ ಕುಡಿಯುತ್ತಿದ್ದು ಥಟ್ಟನೆ ನಿಲ್ಲಿಸುವವರಿಗೂ ಬೇಡ. ಸಿಗರೇಟು, ಕುಡಿತ ಎರಡನ್ನೂ ಒಂದೇ ದಿನ ಬಿಡುತ್ತೇನೆ ಅಂತ ಶಪಥ ಮಾಡುವವರಿರುತ್ತಾರೆ ಅಲ್ವಾ? ಅವರು ಇದನ್ನು ಡಾಕ್ಟರಿಗೆ ಮುಚ್ಚಿಡಬಾರದು.

ಇನ್ನೊಂದು ವಿಚಾರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಿಗರೇಟಿನ ಹೊಗೆ, ಲಿವರ್ ಕೆಲವು ಪದಾರ್ಥಗಳನ್ನು ಕರಗಿಸುವ ವೇಗವನ್ನು ಹೆಚ್ಚಿಸುತ್ತದೆ. ಅವುಗಳಲ್ಲಿ ಕಾಫಿಯ ಕೆಫೀನ್ ಒಂದು. ಸೇದುವುದು ನಿಂತ ಮೇಲೆ ಆ ವೇಗ ಇಳಿಯುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟಾಗಬಹುದು. ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ನಿದ್ದೆ ಹತ್ತುವುದಿಲ್ಲ. ಬೈಗುಳ ಮತ್ತೆ ಮಾತ್ರೆಗೇ! ಕಾಫಿ ಅರ್ಧಕ್ಕಿಳಿಸಿ ನೋಡಿ. ಇದೇ ಕಾರಣಕ್ಕೆ ಕ್ಲೋಜಾಪಿನ್, ಒಲಾಂಜಪಿನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆಗಳು, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇವುಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ. ಇಲ್ಲಿ ಕಾಫಿ ಕಡಿಮೆ ಮಾಡಿದಷ್ಟು ಸುಲಭವಿಲ್ಲ. ಡೋಸ್ ಬದಲಿಸಬೇಕಾಗಬಹುದು. ಸಿಗರೇಟು ಬಿಡುತ್ತಿದ್ದೇನೆ ಅಂತ ಆ ಔಷಧಿ ಬರೆದುಕೊಟ್ಟವರಿಗೆ ಮೊದಲೇ ತಿಳಿಸಿ.

ಗರ್ಭಿಣಿಯರಿಗೆ ವರೆನಿಕ್ಲಿನ್, ಬ್ಯುಪ್ರೊಪಿಯಾನ್ ಸಾಮಾನ್ಯವಾಗಿ ಕೊಡುವುದಿಲ್ಲ. ಮೊದಲು ಮಾತಿನ ಮೂಲಕ, ಬೆಂಬಲ ಕೊಟ್ಟು ಬಿಡಿಸುವ ಪ್ರಯತ್ನ. ಅದರಿಂದ ಆಗದಿದ್ದರೆ ಗಮ್ ಅಥವಾ ಪ್ಯಾಚಿನ ಯೋಚನೆ, ಅದೂ ಡಾಕ್ಟರ ನಿಗಾದಲ್ಲಿ.

ಹಾಗಾದರೆ ಇಷ್ಟೆಲ್ಲ ಮಾಡಿ ಸಿಗುವುದೇನು? ಸಂಶೋಧನೆಗಳನ್ನೆಲ್ಲ ಒಟ್ಟು ಸೇರಿಸಿ 2023ರಲ್ಲಿ ಬಂದ ಲೆಕ್ಕ ಹೀಗಿದೆ. ಔಷಧಿ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ಆರು ತಿಂಗಳು ಅಥವಾ ಅದಕ್ಕೂ ಜಾಸ್ತಿ ನಿಲ್ಲುವವರು ಸುಮಾರು 6. ಗಮ್ ಅಥವಾ ಪ್ಯಾಚ್ ಒಂದನ್ನೇ ಬಳಸಿದರೆ 9. ಪ್ಯಾಚಿನ ಮೇಲೆ ಗಮ್ಮನ್ನೂ ಸೇರಿಸಿದರೆ 12. ವರೆನಿಕ್ಲಿನ್ ತಗೊಂಡರೆ 14. "ಹದಿನಾಲ್ಕೇನಾ?" ಅಂತ ಮುಖ ಸಣ್ಣ ಮಾಡಬೇಡಿ. ಇದು ಒಂದು ಪ್ರಯತ್ನದ ಲೆಕ್ಕ. ಈ ಸಲ ಆಗದವರು ಮತ್ತೆ ಪ್ರಯತ್ನಿಸಬಹುದು, ಔಷಧಿ ಬದಲಿಸಬಹುದು. ಜೊತೆಯಲ್ಲಿ ಕೌನ್ಸೆಲಿಂಗ್ ಇದ್ದರೆ ಫಲ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ಕೊಟ್ಟ ಮಾರ್ಗದರ್ಶನದಲ್ಲೂ ಎರಡನ್ನೂ ಜೊತೆಯಾಗಿ ಕೊಡಿ ಅಂತಲೇ ಇದೆ.

ಔಷಧಿ ನಡೆಯುತ್ತಿರುವಾಗ ಒಂದು ಸಿಗರೇಟು ಸೇದಿಬಿಟ್ಟಿರಿ ಅಂದುಕೊಳ್ಳಿ. ಹೆದರಿ ಪ್ಯಾಚ್ ಕಿತ್ತೆಸೆಯಬೇಡಿ, ಮಾತ್ರೆ ನಿಲ್ಲಿಸಬೇಡಿ. ಅಂದಿನಿಂದಲೇ ಮತ್ತೆ ಮುಂದುವರಿಸಿ. ಎರಡು ವಾರಕ್ಕೇ "ವಾಸಿಯಾಯ್ತು" ಅಂತ ಅರ್ಧಕ್ಕೆ ಬಿಡುವವರನ್ನು ಕಂಡರೆ ನನಗೆ ಹೆಚ್ಚು ಚಿಂತೆ.

ಡಾಕ್ಟರ ಹತ್ತಿರ ಹೋಗುವಾಗ ನೀವು ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಇರಲಿ. ಫಿಟ್ಸ್, ಕಿಡ್ನಿ ತೊಂದರೆ, ಖಿನ್ನತೆ, ಕುಡಿತ, ಯಾವುದಿದ್ದರೂ ಹೇಳಿ. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಅಂತಲೂ ಅವರು ಕೇಳುತ್ತಾರೆ. ಅರ್ಧ ಗಂಟೆಯೊಳಗೆ ಅಂದರೆ ಗಮ್ 4 ಮಿಲಿಗ್ರಾಂ, ಆಮೇಲೆ ಅಂದರೆ 2. ಹೆಂಡತಿ ಪಕ್ಕದಲ್ಲಿದ್ದರೂ ಆ ಪ್ರಶ್ನೆಗೆ ಮಾತ್ರ ನಿಜ ಹೇಳಿಬಿಡಿ.

ನಮಸ್ಕಾರ.