ಬೈಕಿನ ನಡುಕ: ಪಾನ (ಸ್ಪ್ಯಾನರ್) ಹಿಡಿಯುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಸಿಂಗಲ್ ಸಿಲಿಂಡರ್ ಬೈಕು ಅಂದಮೇಲೆ ಅದುರಿಯೇ ಅದುರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ಗೊಂದಲ ಕಳೆಯಿತು. ಹೊಸದಾಗಿ ಕೊಂಡಾಗ ಎಷ್ಟಿತ್ತೋ ಅಷ್ಟೇ ನಡುಕ ಇದ್ದರೆ ಅದು ಗಾಡಿಯ ಸ್ವಭಾವ. ಹೋದ ತಿಂಗಳು ಇಲ್ಲದ್ದು ಈ ತಿಂಗಳು ಬಂದಿದ್ದರೆ ಏನೋ ಸಡಿಲವಾಗಿದೆ, ಸವೆದಿದೆ, ಇಲ್ಲವೇ ಯಾರೋ ಬಿಚ್ಚಿ ಕಟ್ಟುವಾಗ ಹೆಚ್ಚುಕಮ್ಮಿ ಮಾಡಿದ್ದಾರೆ. ಇವತ್ತು ನಾನು ಮಾತಾಡುವುದು ಈ ಎರಡನೆಯದರ ಬಗ್ಗೆ.

ಆದರೂ ಸ್ವಭಾವ ಏನೆಂದು ಸ್ವಲ್ಪ ನೋಡೋಣ. ರಾಯಲ್ ಎನ್‌ಫೀಲ್ಡಿನ 346 ಸಿಸಿಯ ಹಳೆಯ ಕ್ಲಾಸಿಕ್ 350 ತೆಗೆದುಕೊಳ್ಳಿ. ಬೋರ್ (ಸಿಲಿಂಡರಿನ ಒಳ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ, ಅಂದರೆ ನಿಮಿಷಕ್ಕೆ 3000 ಸುತ್ತು ಸುತ್ತುತ್ತಿದ್ದರೆ, ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಹೋಗಿ, ನಿಂತು, ಕೆಳಗೆ ಬರುತ್ತದೆ. ಮೇಲಿನ ತುದಿಯಲ್ಲಿ ಅದು ದಿಕ್ಕು ಬದಲಿಸುವ ಹೊತ್ತಿಗೆ ವೇಗೋತ್ಕರ್ಷ ಭೂಮಿಯ ಗುರುತ್ವದ 450 ಪಟ್ಟನ್ನೂ ಮೀರುತ್ತದೆ. ಇದರಿಂದ ಹುಟ್ಟುವ ಬಲವನ್ನು ತಡೆಯಲು, ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕಿನ ಎದುರು ಬದಿಗೆ ತೂಕ ಕೂರಿಸಿರುತ್ತಾರೆ. ತೊಡಕು ಏನೆಂದರೆ, ಆ ತೂಕ ಸುತ್ತುತ್ತದೆ, ಪಿಸ್ಟನ್ ನೇರ ಓಡುತ್ತದೆ. ಪಿಸ್ಟನ್ನಿನ ತೂಕವನ್ನು ಪೂರ್ತಿ ಸರಿದೂಗಿಸಲು ಹೋದರೆ ಮೇಲೆ ಕೆಳಗಿನ ನಡುಕ ಹಿಂದು ಮುಂದಿನ ನಡುಕವಾಗಿ ಕೂರುತ್ತದೆ. ಹಾಗಾಗಿ ಸಾಮಾನ್ಯವಾಗಿ ಅರ್ಧದ ಆಸುಪಾಸಿನಲ್ಲಿ ರಾಜಿ ಮಾಡಿಕೊಂಡಿರುತ್ತಾರೆ. 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ರಲ್ಲಿ ಈ ನಡುಕ ಕಡಿಮೆ ಮಾಡಲು ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇದೆ. ಎರಡನ್ನೂ ಓಡಿಸಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಲೆಕ್ಕ ನೆನಪಿಡಿ: ಆರ್‌ಪಿಎಂ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಐವತ್ತರಲ್ಲಿ ಹಾಯಾಗಿದ್ದ ಗಾಡಿ ತೊಂಬತ್ತರಲ್ಲಿ ಕೈ ಜೋಮು ಹಿಡಿಸುವುದು ಇದಕ್ಕೇ.

ಈಗ ಪತ್ತೆ ಕೆಲಸಕ್ಕೆ ಬರೋಣ. ಪಾನ ಹಿಡಿಯುವ ಮುಂಚೆ ಒಂದೇ ಪ್ರಶ್ನೆ: ಈ ನಡುಕ ಎಂಜಿನ್ನಿನ ವೇಗದ ಜೊತೆ ಏರಿಳಿಯುತ್ತದೋ, ಚಕ್ರದ ವೇಗದ ಜೊತೆ ಏರಿಳಿಯುತ್ತದೋ? ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ರಸ್ತೆಯಲ್ಲಿ ಕಾಡುವ ಅದೇ ನಡುಕ ನಿಂತಲ್ಲೇ ಬಂದರೆ ಎಂಜಿನ್, ಇಲ್ಲವೇ ಅದನ್ನು ಹಿಡಿದಿರುವ ಬೋಲ್ಟು. ಬರಲಿಲ್ಲವೇ? ಬೆಳಗ್ಗೆ ಖಾಲಿಯಿರುವ ನೇರ ರಸ್ತೆಯಲ್ಲಿ, ನಡುಕ ಇರುವ ವೇಗದಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಪೂರ್ತಿ ಬಿಡಿ. ಎಂಜಿನ್ ಆಫ್ ಮಾಡಬೇಡಿ. ಎಂಜಿನ್ ಐಡ್ಲಿಂಗಿಗೆ ಇಳಿದ ಮೇಲೂ ಅದುರುತ್ತಿದ್ದರೆ ಟೈರು, ರಿಮ್ಮು, ಕಡ್ಡಿ, ಬೇರಿಂಗ್ ನೋಡಬೇಕು; ಎಂಜಿನ್ ಮುಟ್ಟುವುದೇ ಬೇಡ. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಜಗ್ಗಿದಂತೆ ಅದುರಿದರೆ ಚೈನು, ಸ್ಪ್ರಾಕೆಟ್, ಹಿಂದಿನ ಚಕ್ರದೊಳಗೆ ಜಗ್ಗು ತಡೆಯುವ ಡ್ರಮ್ ರಬ್ಬರ್ ನೋಡಬೇಕು. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ನೇರ ಬೋರ್ ಕೆಲಸಕ್ಕೆ (ಸಿಲಿಂಡರ್ ಕೊರೆಸಿ ಪಿಸ್ಟನ್ ಬದಲಿಸಲು) ಕೊಟ್ಟು ಸಾವಿರಾರು ರೂಪಾಯಿ ಕಳೆದುಕೊಂಡವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಂಜಿನ್ ಕಡೆಯದು ಅಂತ ಗೊತ್ತಾಯಿತು ಅಂದುಕೊಳ್ಳಿ. ಮೊದಲ ಅನುಮಾನ ಮೌಂಟಿಂಗ್ ಬೋಲ್ಟುಗಳ ಮೇಲೆ. ಎಂಜಿನ್ ತಣ್ಣಗಿರುವಾಗ ಫ್ರೇಮಿಗೂ ಎಂಜಿನ್ನಿಗೂ ಸೇರುವ ಪ್ರತಿಯೊಂದು ಜಾಗವನ್ನೂ ಟಾರ್ಚ್ ಹಿಡಿದು ನೋಡಿ. ಬೋಲ್ಟಿನ ತಲೆಯ ಸುತ್ತ, ಬ್ರಾಕೆಟ್ಟಿನ ಅಂಚಿನಲ್ಲಿ ಕುಂಕುಮದ ಪುಡಿಯಂತೆ ನಯವಾದ ಕೆಂಪು ಧೂಳು ಕೂತಿದೆಯೇ? ಮಣ್ಣಾದರೆ ಎಲ್ಲ ಕಡೆ ಒಂದೇ ಥರ ಇರುತ್ತದೆ. ಇದು ಹಾಗಲ್ಲ, ಎರಡು ಲೋಹ ಒಂದಕ್ಕೊಂದು ಉಜ್ಜಿ ಉದುರಿದ ತುಕ್ಕು. ಅಲ್ಲಿ ಬೋಲ್ಟು ಬಿಗಿಯಾಗಿರುವಂತೆ ಕಂಡರೂ ಒಳಗೆ ಆಟ ಇದೆ. ಆಮೇಲೆ ಸಿಲಿಂಡರ್ ಹೆಡ್ಡಿನಿಂದ ಮೇಲಿನ ಫ್ರೇಮಿಗೆ ಹೋಗುವ ಪುಟ್ಟ ಬ್ರಾಕೆಟ್. ಟ್ಯಾಂಕ್ ತೆಗೆಯದೆ ಸರಿಯಾಗಿ ಕಾಣದ ಕಾರಣ ಎಷ್ಟೋ ಸರ್ವೀಸುಗಳಲ್ಲಿ ಅದನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ಬಟ್ಟೆಯಿಂದ ಒರೆಸಿ, ಬಾಗಿದ ಕಡೆ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಬದಲಿಸುವುದೊಂದೇ ದಾರಿ.

ಕ್ರ್ಯಾಶ್ ಗಾರ್ಡ್ ಹಾಕಿಸಿದ ಮೇಲೆ ನಡುಕ ಶುರುವಾಯಿತೇ? ಎಷ್ಟೋ ಗಾಡಿಗಳಲ್ಲಿ ಗಾರ್ಡಿನ ಕ್ಲ್ಯಾಂಪು ಮುಂದಿನ ಎಂಜಿನ್ ಬೋಲ್ಟನ್ನೇ ಹಂಚಿಕೊಂಡಿರುತ್ತದೆ. ಅದನ್ನು ಕೂರಿಸುವಾಗ ಬಿಚ್ಚಿದ ಬೋಲ್ಟನ್ನು ಮತ್ತೆ ಅಳತೆಗೆ ಬಿಗಿದಿರುವುದಿಲ್ಲ.

ಬಿಗಿಯುವಾಗ ಒಂದೇ ಬೋಲ್ಟಿಗೆ ಜೋತುಬೀಳಬೇಡಿ. ಎಂಜಿನ್ ಕೆಳಗೆ ಮರದ ತುಂಡಿಟ್ಟು ಜ್ಯಾಕಿನಿಂದ ಭಾರ ಮಾತ್ರ ಎತ್ತಿಕೊಳ್ಳಿ. ಎಲ್ಲ ಮೌಂಟಿಂಗ್ ಬೋಲ್ಟುಗಳನ್ನೂ ಸಡಿಲಿಸಿ, ಎಂಜಿನ್ ತನ್ನ ಜಾಗದಲ್ಲಿ ತಾನೇ ಕೂರುವಂತೆ ಬಿಡಿ. ಕೆಳಗಿನ ದೊಡ್ಡ ಬೋಲ್ಟುಗಳನ್ನು ಮೊದಲು, ಹೆಡ್ ಬ್ರಾಕೆಟ್ಟನ್ನು ಕೊನೆಗೆ ಬಿಗಿಯಿರಿ. ಎಷ್ಟು ಬಿಗಿ ಅನ್ನುವುದು ಆಯಾ ಗಾಡಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬಾಡಿಗೆಗೋ ಸ್ನೇಹಿತರಿಂದಲೋ ತಂದರೂ ಸರಿ, ಕೈ ಅಂದಾಜು ಮಾತ್ರ ಬೇಡ. ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ನೈಲಾನ್ ಇರುವ ನಟ್ಟು ಬಿಚ್ಚಿದರೆ ಹೊಸದು ಹಾಕಿ. ಕೊನೆಗೆ ನೇಲ್ ಪಾಲಿಶ್‌ನಿಂದ ನಟ್ಟಿನ ಮೇಲಿಂದ ಬ್ರಾಕೆಟ್ಟಿನವರೆಗೆ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಮುಂದಿನ ಸಲ ಗಾಡಿ ತೊಳೆಯುವಾಗಲೇ ಕಾಣುತ್ತದೆ.

ಬೋಲ್ಟುಗಳು ಸರಿಯಿದ್ದು, ನಡುಕ ಒಂದೇ ಸಮ ಬಾರದೆ ತಡವರಿಸುತ್ತಿದ್ದರೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ಗ್ಯಾಪ್ ಅಳೆಯಿರಿ, ಟ್ಯಾಪೆಟ್ (ವಾಲ್ವಿನ ಸಡಿಲ) ನೋಡಿ, ಐಡ್ಲಿಂಗ್ ತೀರಾ ಕಡಿಮೆ ಇದೆಯೇ ನೋಡಿ. ಚೈನಿನ ವಿಷಯದಲ್ಲಿ ಒಂದೇ ಮಾತು: ಹಿಂದಿನ ಚಕ್ರ ತಿರುಗಿಸುತ್ತಾ ಹಲವು ಕಡೆ ಸಡಿಲ ಅಳೆಯಿರಿ. ಒಂದು ಕಡೆ ಬಿಗಿ, ಒಂದು ಕಡೆ ಜೋಲು ಅಂದರೆ ಚೈನು ಸವೆದು ಹೋಗಿದೆ, ಅಡ್ಜಸ್ಟ್ ಮಾಡಿ ಉಪಯೋಗವಿಲ್ಲ.

ಮೈಸೂರಿನಲ್ಲಿ ನಿಂತು ಯೆಜ್ಡಿ ಹೆಸರು ಹೇಳದೆ ಹೇಗೆ ಮುಗಿಸುವುದು? 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ ಇದೇ ಊರಿನಲ್ಲಿ ನಡೆಯಿತು. ಆ ಗಾಡಿಗಳನ್ನು ಇಂದಿಗೂ ಸಾಕಿಕೊಂಡಿರುವ ನಿಮ್ಮಂಥವರಿಗೆ ವಿಶೇಷವಾಗಿ ಹೇಳುತ್ತೇನೆ. ಈ ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಬಿಡಿ ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಕಿಟ್ ಬದಲಿಸಿದ ಮೇಲೆ ಎರಡು ಬದಿಯ ಶಾಫ್ಟು ಒಂದೇ ಗೆರೆಯಲ್ಲಿ ಕೂರದಿದ್ದರೆ, ಮಿಕ್ಕದ್ದೆಲ್ಲ ಹೊಸದಿದ್ದರೂ ಎಂಜಿನ್ ಅದುರುತ್ತದೆ, ಬೇರಿಂಗೂ ಬೇಗ ಹೋಗುತ್ತದೆ. ಇದು ಮನೆಯ ಕೆಲಸವಲ್ಲ. ಡಯಲ್ ಗೇಜ್ ಇಟ್ಟು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಸರಿಪಡಿಸುವವರ ಹತ್ತಿರವೇ ಒಯ್ಯಿರಿ, ಗೇಜಿನ ಮುಳ್ಳು ಎಷ್ಟು ಓಡುತ್ತದೆ ಎಂದು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಒಳ್ಳೆಯ ಕೆಲಸಗಾರ ಖುಷಿಯಿಂದ ತೋರಿಸುತ್ತಾನೆ.

ಹೊರಗೆ ಟ್ಯಾಂಕ್ ಇಳಿಸಿದ ಗಾಡಿಯೊಂದನ್ನು ನಿಲ್ಲಿಸಿದ್ದೇವೆ. ಅದರಲ್ಲಿ ಒಂದು ಮೌಂಟಿಂಗ್ ಬೋಲ್ಟ್ ಸಡಿಲವಿದೆ. ಯಾವುದು ಅಂತ ನಾನು ಹೇಳುವುದಿಲ್ಲ. ಬನ್ನಿ, ಟಾರ್ಚ್ ತೆಗೆದುಕೊಂಡು ನೀವೇ ಹುಡುಕಿ.