ಬಂತಾ? ಬಂತು... ಹೋಯ್ತು!

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಗೆ ಟಿ.ವಿ. ಬಂದದ್ದು ಎಂಬತ್ತರ ದಶಕದ ಕೊನೆಗೆ. ತೀರ್ಥಹಳ್ಳಿ ಕಡೆಯ ಊರು, ಸುತ್ತ ಗುಡ್ಡ. ಸಿಗ್ನಲ್ ಸಿಗಬೇಕಲ್ಲ? ಅಪ್ಪ ಉದ್ದದ ಪೈಪಿಗೆ ಆಂಟೆನಾ ಕಟ್ಟಿಸಿ ಹಿತ್ತಲ ದಿಬ್ಬದ ಮೇಲೆ ನಿಲ್ಲಿಸಿದರು. ಜೋರು ಗಾಳಿ ಬೀಸಿದರೆ ಅದು ತಿರುಗಿಬಿಡುತ್ತಿತ್ತು. ಆಗ ಅಣ್ಣ ದಿಬ್ಬದ ಮೇಲೆ, ನಾನು ಕಿಟಕಿಯಲ್ಲಿ, ಅಮ್ಮ ಟಿ.ವಿ. ಮುಂದೆ. "ಬಂತಾ?" "ಬಂತು, ಬಂತು... ಹೋಯ್ತು!" ಭಾನುವಾರ ಬೆಳಿಗ್ಗೆ ಪೌರಾಣಿಕ ಧಾರಾವಾಹಿ ಹೊತ್ತಿಗೆ ಅಕ್ಕಪಕ್ಕದ ನಾಲ್ಕು ಮನೆಯವರು ನಮ್ಮ ಜಗಲಿಯಲ್ಲಿ. ತಡವಾಗಿ ಬಂದವರಿಗೆ ಕಥೆ ತಪ್ಪಿತು ಅಂತಲೇ ಲೆಕ್ಕ.

ಟಿ.ವಿ.ಯ ದರ್ಬಾರು ನಡೆದದ್ದು ಹೀಗೆ ಹೊತ್ತಿನ ಮೇಲೆ. ಅವರು ಹಾಕಿದಾಗ ನಾವು ಕೂರಬೇಕು, ಹಾಕಿದ್ದನ್ನೇ ನೋಡಬೇಕು. ಇಂಟರ್ನೆಟ್ ವಿಡಿಯೊ ಬಂದ ಮೇಲೆ ಈಗ ಕಳಚಿ ಬೀಳುತ್ತಿರುವುದು ಆ ದರ್ಬಾರು. ಪೆಟ್ಟಿಗೆ ಎಲ್ಲೂ ಹೋಗಿಲ್ಲ. ಗೋಡೆ ತುಂಬ ಹರಡಿಕೊಂಡು ಕೂತಿದೆ.

ಯೂಟ್ಯೂಬಿಗೆ ಮೊದಲ ವಿಡಿಯೊ ಏರಿದ್ದು 2005ರ ಏಪ್ರಿಲ್ 23ರಂದು. ಒಬ್ಬ ಹುಡುಗ ಮೃಗಾಲಯದ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಭಾಳ ಉದ್ದ ಅನ್ನುತ್ತಾನೆ. 19 ಸೆಕೆಂಡು, ಅಷ್ಟೇ. ನಮ್ಮ ಸಕ್ರೆಬೈಲು ಆನೆ ಬಿಡಾರದ ಮಾವುತರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಇದನ್ನು ಯಾವ ಚಾನೆಲ್ಲಾದರೂ ಹಾಕುತ್ತಿತ್ತಾ? ಚಾನೆಲ್ಲಿನವರ ಕೈಯಲ್ಲಿರುವುದು ದಿನಕ್ಕೆ 24 ಗಂಟೆ ಮಾತ್ರ. ಸ್ಟುಡಿಯೊ ಖರ್ಚು, ಉಪಗ್ರಹದ ಬಾಡಿಗೆ ಬೇರೆ. ಹಾಗಾಗಿ ಲಕ್ಷಾಂತರ ಜನ ನೋಡುವಂಥದ್ದನ್ನೇ ಅವರು ಹುಡುಕಬೇಕು. ಯೂಟ್ಯೂಬಿನಲ್ಲಿ ಆ ಗಂಟೆಯ ಲೆಕ್ಕವೇ ಇಲ್ಲ. ಇಪ್ಪತ್ತು ಜನಕ್ಕೆ ಬೇಕಾದದ್ದಕ್ಕೂ ಜಾಗ ಇದೆ.

ಅಡಿಕೆ ಕೊಳೆರೋಗವನ್ನೇ ತೆಗೆದುಕೊಳ್ಳಿ. ಟಿ.ವಿ.ಯಲ್ಲಿ ಕೃಷಿ ಕಾರ್ಯಕ್ರಮ 1967ರಲ್ಲೇ ದೆಹಲಿಯಿಂದ ಶುರುವಾಗಿತ್ತು. ಆದರೆ ನಮ್ಮ ಅಡಿಕೆಗೆ ಪಾಳಿ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ, ಅದೂ ಔಷಧಿ ಹೊಡೆಯುವ ಕಾಲ ಮುಗಿದ ಮೇಲೆ! ಮೊನ್ನೆ ಪಕ್ಕದ ತೋಟದ ಹುಡುಗ ಫೋನನ್ನು ಬಕೆಟ್ಟಿಗೆ ಒರಗಿಸಿಟ್ಟುಕೊಂಡು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುತ್ತಿದ್ದ. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಇದೆಲ್ಲ ಅವನಿಗೂ ಗೊತ್ತು. ಅವನು ನೋಡುತ್ತಿದ್ದದ್ದು ಕತ್ತಿಯ ಪರೀಕ್ಷೆ. ವಿಡಿಯೊದಲ್ಲಿ ನಮ್ಮ ಕಡೆಯದೇ ಮಾತಾಡುವ ಒಬ್ಬ ರೈತರು ತಿಕ್ಕಿ ತೊಳೆದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಎತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. "ಸುಣ್ಣ ಸಾಲಲಿಲ್ಲ ಮಾರಾಯ್ರೆ" ಅಂದರು. ಹುಡುಗ ಅಲ್ಲೇ ನಿಲ್ಲಿಸಿದ, ಹಿಂದಕ್ಕೆ ಎಳೆದ, ಮತ್ತೆ ನೋಡಿದ. ಆಮೇಲೆ ತನ್ನ ಕತ್ತಿ ಅದ್ದಿದ. ನಿಲ್ಲಿ, ಇನ್ನೊಮ್ಮೆ ತೋರಿಸಿ ಅಂತ ಹಳೇ ಟಿ.ವಿ.ಗೆ ಹೇಳೋಕೆ ಆಗ್ತಿತ್ತಾ?

ಆಗುಂಬೆ ನೆನಪಾಗುತ್ತದೆ. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ತಂಡ ಕಟ್ಟಿಕೊಂಡು ಬಂದು ದೂರದರ್ಶನಕ್ಕಾಗಿ ಆ ಊರನ್ನೇ ಆರ್.ಕೆ. ನಾರಾಯಣ್ ಕಥೆಗಳ ಮಾಲ್ಗುಡಿ ಮಾಡಿದರು. ದೇಶವೆಲ್ಲ ನಮ್ಮ ಹಂಚಿನ ಮನೆ ನೋಡಿತು, ಹಿಂದಿ ಮಾತಿನ ಜೊತೆಗೆ. ನಮಗೆಲ್ಲ ಹೆಮ್ಮೆಯೇ. ಈಗ ಅದೇ ಬೀದಿಯ ಮಳೆ ತೋರಿಸಲು ಮೊಬೈಲ್ ಹಿಡಿದ ಒಬ್ಬ ಹುಡುಗಿ ಸಾಕು. ಭಾಷೆಯೂ ಅವಳದ್ದೇ.

ಹಾಗಂತ ಎಲ್ಲ ಚಂದ ಅಂತಲ್ಲ. ಚಾನೆಲ್ಲಿಗೆ ಜಾಹೀರಾತಿನ ಹಂಗಿತ್ತು. ಇಲ್ಲೂ ಇದೆ. ಯೂಟ್ಯೂಬ್ ಉದ್ದದ ವಿಡಿಯೊಗಳ ಜಾಹೀರಾತಿನ ದುಡ್ಡಿನಲ್ಲಿ ನೂರಕ್ಕೆ 55 ಪಾಲನ್ನು ವಿಡಿಯೊ ಮಾಡಿದವರಿಗೆ ಕೊಡುತ್ತದೆ. ಆ ಆಸೆಗೆ "ಅಡಿಕೆ ದರದಲ್ಲಿ ಭಾರೀ ಸ್ಫೋಟ" ಅಂತ ಕೆಂಪಕ್ಷರ ಹಾಕುತ್ತಾರೆ. ಒತ್ತಿ ನೋಡಿದರೆ ರಾಶಿ ಇಡಿ ಅಡಿಕೆಗೆ ನಿನ್ನೆಯ ದರವೇ! ನಾನೂ ಎರಡು ಸಲ ಮೋಸ ಹೋಗಿದ್ದೇನೆ.

ಅಮೆರಿಕದಲ್ಲಿ ನೀಲ್ಸನ್‌ನವರು ಜನ ಟಿ.ವಿ. ಪರದೆಯಲ್ಲಿ ಏನು ನೋಡುತ್ತಾರೆ ಅಂತ ಲೆಕ್ಕ ಇಡುತ್ತಾರೆ. 2025ರ ಮೇ ತಿಂಗಳಲ್ಲಿ ಅಲ್ಲಿ ಜನ ಟಿ.ವಿ. ಮುಂದೆ ಕಳೆದ ಹೊತ್ತಿನಲ್ಲಿ ನೂರಕ್ಕೆ 44.8 ಪಾಲು ಇಂಟರ್ನೆಟ್ ಮೂಲಕ ಬಂದದ್ದಕ್ಕೇ ಹೋಯಿತು. ಆಂಟೆನಾ, ಕೇಬಲ್ ಎರಡೂ ಸೇರಿ 44.2. ನಮ್ಮಲ್ಲಿ ಅಷ್ಟಾಗಿಲ್ಲ. ಆದರೆ ನಮ್ಮೂರಿನ ಕೇಬಲ್ ಅಣ್ಣನಿಗೆ ಗಾಳಿ ಯಾವ ಕಡೆ ಅಂತ ಬೇಗ ಗೊತ್ತಾಯಿತು. ಅದೇ ಕಂಬ, ಅದೇ ಏಣಿ, ಈಗ ಎಳೆಯುವುದು ಫೈಬರ್.

ಇನ್ನು ಮಳೆಗಾಲ. ಡಿಶ್‌ಗೆ ಬರುವ ಅಲೆಯನ್ನು ದಪ್ಪ ಮಳೆ ದಾರಿಯಲ್ಲೇ ಕುಡಿದುಬಿಡುತ್ತದೆ. ಆಷಾಢದಲ್ಲಿ ತೆರೆ ಕಪ್ಪಗೆ. ಇಂಟರ್ನೆಟ್ ವಿಡಿಯೊ ಹಾಗಲ್ಲ. ಅದನ್ನು ಕೆಲವೇ ಸೆಕೆಂಡಿನ ತುಂಡು ಮಾಡಿ, ಒಂದೊಂದು ತುಂಡನ್ನೂ ದಪ್ಪ, ತೆಳು ಅಂತ ಹಲವು ಅಳತೆಯಲ್ಲಿ ಇಟ್ಟಿರುತ್ತಾರೆ. ನೆಟ್‌ವರ್ಕ್ ಸೊರಗಿದರೆ ತೆಳು ತುಂಡು ಬರುತ್ತದೆ. ಮುಖ ಮಸುಕಾದರೂ ಮಾತು ಓಡುತ್ತದೆ. ಕರೆಂಟು ಹೋಗಿ ಟವರೇ ಮಲಗಿದರೆ ಮಾತ್ರ ಏನೂ ಇಲ್ಲ. ಮಲೆನಾಡಿನಲ್ಲಿ ಅದೂ ಮಾಮೂಲು ಬಿಡಿ.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಆಟಕ್ಕೆ ಹೋಗಿ ರಾತ್ರಿಯಿಡೀ ಕೂರಲು ಆಗುವುದಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಯಕ್ಷಗಾನವನ್ನು ಬಯಲಿನಿಂದಲೇ ನೇರವಾಗಿ ಹಾಕಿದ್ದರು. ಟಿ.ವಿ.ಗೆ ಹಚ್ಚಿಕೊಟ್ಟೆ. ಕಂಬಳಿ ಹೊದ್ದು ಕೂತರು. ಭಾಗವತರಿಗೆ "ಭೇಷ್" ಅಂದರು. ಬಣ್ಣದ ವೇಷ ಅಬ್ಬರಿಸುತ್ತಾ ರಂಗಕ್ಕೆ ಬಂದದ್ದೇ, ನೋಡಿದರೆ ಇವರಿಗೆ ಗೊರಕೆ. ನಿಲ್ಲಿಸಿ ಮಲಗಿಸಿದೆ.

ಬೆಳಿಗ್ಗೆ ಎದ್ದವರೇ, "ನಿನ್ನೆ ಬಿಟ್ಟಲ್ಲಿಂದ ಹಾಕು" ಅಂದರು. ಬಯಲಿನಲ್ಲಿ ರಾತ್ರಿಯೇ ಸತ್ತಿದ್ದ ರಕ್ಕಸ ನಮ್ಮ ಮನೆಯಲ್ಲಿ ಎರಡನೇ ದೋಸೆ ಹೊತ್ತಿಗೆ ಸತ್ತ.

ನಮಸ್ಕಾರ.